ಹಾರ್ನ್ ಕಳಕಪ್ಪನ ಎಡಗೈ

ಗಂಗಾವತಿ
11 ನವೆಂಬರ್ 2024

ಅಕ್ಕ ಲಲಿತಾಳ ಪಾದಗಳಿಗೆ ತಮ್ಮ ಗುರುಬಸವನ ನಮಸ್ಕಾರ.

ಇಲ್ಲಿ ನಮ್ಮ ಮನೆಯಾಕೆ ದಾನೇಶ್ವರಿಯ ಮೊಣಕಾಲೊಂದನ್ನು ಬಿಟ್ಟರೆ ಎಲ್ಲವೂ ಕ್ಷೇಮ. ಫೋನ್ ಮಾಡಬಹುದಿತ್ತು. ಆದರೆ ನಾನು ಫೋನಿನಲ್ಲಿ ಕೂಗಿದ್ದು ನಮ್ಮ ಗೊಬ್ಬರದ ಅಂಗಡಿಯ ಗಿರಾಕಿಗಳಿಗೆ, ಪಕ್ಕದ ಪಂಪ್‌ಸೆಟ್ಟಿನವರಿಗೆ, ರಸ್ತೆಯಾಚೆಯ ಇಡ್ಲಿ ಗಾಡಿಯವಳಿಗೆ ಎಲ್ಲ ಕೇಳುತ್ತದೆ. ಸೊಲ್ಲಾಪುರದಲ್ಲಿ ಫೋನ್ ಹಿಡಿದು ಕೂತ ನಿನಗೊಬ್ಬಳಿಗೆ ಕೇಳುವುದಿಲ್ಲ. ಆದ್ದರಿಂದ ಕಾಗದ.

ಮೊನ್ನೆ ಕುಷ್ಟಗಿಗೆ ಹೋಗಿದ್ದೆವು. ದಾನೇಶ್ವರಿಯ ತಂಗಿಯ ಬಸುರಿ ಮಗಳಿಗೆ ಕುಬಸ. ಕುಬಸದ ಮನೆಯಲ್ಲಿ ಗಂಡಸಿಗಿರುವ ಕೆಲಸ ಎರಡು: ಊಟ ಮಾಡುವುದು, ಊಟದವರೆಗೆ ಯಾರ ಕಾಲಿಗೂ ತೊಡರದೆ ಇರುವುದು. ಎರಡನೆಯದನ್ನು ನಿಷ್ಠೆಯಿಂದ ಮಾಡುತ್ತ ಓಣಿ ಓಣಿ ತಿರುಗುವಾಗ ಹಳೆಯ ಎಣ್ಣೆ ಗಿರಣಿಯ ಪಕ್ಕ ಒಂದು ತಗಡಿನ ಮನೆ ಕಂಡಿತು. ಬಾಗಿಲ ಮೇಲೆ ಬೋರ್ಡು: ‘ಸಿನಿಮಾ ನೆನಪಿನ ಮನೆ. ಪ್ರವೇಶ ಉಚಿತ. ಹೋಗುವಾಗ ಒಂದು ನೆನಪು ಹೇಳುವುದು ಕಡ್ಡಾಯ.’ ಉಚಿತ ಅನ್ನುವ ಅಕ್ಷರ ಕಂಡ ಮೇಲೆ ನಿನ್ನ ತಮ್ಮನ ಕಾಲು ನಿಲ್ಲುತ್ತದೆಯೇ?

ಒಳಗೆ ಒಬ್ಬ ಹೆಣ್ಣುಮಗಳು. ಹೆಸರು ನಿಶಾತ. ನಮ್ಮ ಶ್ರೀ ಹುಲಿಗೆಮ್ಮಾ ಟೂರಿಂಗ್ ಟಾಕೀಸಿನಲ್ಲಿ ಮಷಿನ್ ನಡೆಸುತ್ತಿದ್ದ ಮುನವ್ವರ ಕಾಕಾ ಇದ್ದನಲ್ಲ, ಅವನ ಮೊಮ್ಮಗಳು. ಟಾಕೀಸು ಎದ್ದುಹೋದ ಮೇಲೆ ಅದರ ಸಾಮಾನೆಲ್ಲ ಆ ತಗಡಿನ ಮನೆಯಲ್ಲೇ ಬಿದ್ದಿತ್ತಂತೆ. ಈಕೆ ಧೂಳು ಕೊಡವಿ ಜೋಡಿಸಿಟ್ಟಿದ್ದಾಳೆ.

“ಬರ್ರಿ ಅಣ್ಣಾರ. ರೊಕ್ಕ ಬ್ಯಾಡ. ಫೋನ್ ಈ ಬುಟ್ಟ್ಯಾಗ ಇಡ್ರಿ, ಟೋಪಿನೂ ತಗೀರಿ” ಅಂದಳು.

“ಫೋನ್ ಯಾಕವಾ?”

“ಫೋಟೋ ಹೊಡಕೊಂಡು ಹೋದ್ರ ಎಲ್ಲಾರೂ ಮನ್ಯಾಗ ಕುಂತು ನೋಡತಾರ್ರಿ. ಇಲ್ಲಿಗೆ ಯಾರು ಬರತಾರ?”

“ಟೋಪಿ?”

“ಹಿಂದಿನವ್ರಿಗೆ ಪರದಿ ಕಾಣಂಗಿಲ್ಲ.”

ಹಿಂದೆ ಯಾರೂ ಇರಲಿಲ್ಲ, ಅಕ್ಕಾ. ಒಂದು ಬೆಕ್ಕಿತ್ತು. ಫೋನ್ ಕೊಟ್ಟೆ, ಟೋಪಿ ಕೊಡಲಿಲ್ಲ. ಅದರೊಳಗೆ ನನ್ನ ಕಿವಿಗಳಿವೆ. ಮೊರದಂಥ ಆ ಕಿವಿಗಳನ್ನು ಸಾಲಿಯಲ್ಲಿ ಹುಡುಗರು ಆಡಿಕೊಂಡದ್ದು ನಿನಗೂ ಗೊತ್ತು.

ಎಲ್ಲ ನೋಡಿದೆ. ಟಿಕೆಟಿನ ಕಿಂಡಿ ಇದೆ. ‘ನೆಲ’, ‘ಬೆಂಚು’, ‘ಕುರ್ಚಿ’ ಅಂತ ಬರೆದ ತಗಡುಗಳಿವೆ. ಹೆಂಗಸರ ಕಡೆ, ಗಂಡಸರ ಕಡೆ ಅಂತ ಬೇರೆ ಮಾಡುತ್ತಿದ್ದ ಅಡ್ಡತಟ್ಟಿ ಇದೆ. ಗಂಟೆ ಇದೆ, ಬಾರಿಸಿದರೆ ಇನ್ನೂ ಹೊರಗಿನ ನಾಯಿ ಓಡಿಬರುತ್ತದೆ. ಹೊರಡುವಾಗ ನಿಶಾತ ದಾರಿಗಡ್ಡ ನಿಂತು, “ನೆನಪು?” ಅಂದಳು.

“ಸಣ್ಣಾವಿದ್ದಾಗ ಪಿಚ್ಚರ್ ನೋಡಾಕ ಹೋಗಿ ಮಲಕೊಂಡಬಿಟ್ಟಿದ್ದೆ” ಅಂದೆ.

“ಎಲ್ಲಾರೂ ಇದನ್ನ ಹೇಳತಾರ್ರಿ. ಬ್ಯಾರೆ ಹೇಳ್ರಿ.”

ಬೇರೆ ನೆನಪು ನನ್ನ ಹತ್ತಿರ ಎಲ್ಲಿದೆ? “ನಮ್ಮಪ್ಪ ಕಳಕಪ್ಪ ಈ ಟಾಕೀಸಿನ್ಯಾಗ ಊರೂರಿಗೆ ಬಾಯಿಗೆ ಹಾರ್ನ್ ಹಿಡದು ಪಿಚ್ಚರಿನ ಪ್ರಚಾರ ಮಾಡತಿದ್ದ” ಅಂದುಬಿಟ್ಟೆ. ಅವಳು ನನ್ನನ್ನು ಮತ್ತೆ ಒಳಗೆ ಕೂಡಿಸಿ, ಬಾಗಿಲು ಮುಚ್ಚಿ, ಸಣ್ಣ ಮಷಿನಿನಲ್ಲಿ ಒಂದು ಗಾಜಿನ ಸ್ಲೈಡು ಇಟ್ಟು ದೀಪ ಹಾಕಿದಳು. ಬಿಳಿ ಪರದೆಯ ಮೇಲೆ ಒಬ್ಬ ಮನುಷ್ಯ. ತಲೆಗೆ ಕಿವಿ ಮುಚ್ಚುವಂತೆ ಸುತ್ತಿದ ರುಮಾಲು, ಬಲಗೈಯಲ್ಲಿ ತಗಡಿನ ಹಾರ್ನು. ನಗುತ್ತಿದ್ದಾನೆ. ಸ್ಲೈಡಿನ ಮೇಲೆ ಒಂದಕ್ಷರವಿಲ್ಲ. ಕೆಳಗೆ ಅವಳು ಅಂಟಿಸಿದ ಚೀಟಿಯಲ್ಲಿ ಬರೆದದ್ದು: ‘ಇವರು ಯಾರು?’

“ಇವರ ನಿಮ್ಮಪ್ಪಾರೇನ್ರಿ?” ಅಂತ ಕೇಳಿದಳು.

ಅರವತ್ತು ದಾಟಿದವನು, ನಾಲ್ಕು ಜನ ‘ಸಾಹುಕಾರ್ರ’ ಅನ್ನುವ ಮನುಷ್ಯ, ತನ್ನ ಅಪ್ಪನ ಗುರುತು ಹಿಡಿಯಲು ಟೈಮ್ ಕೇಳಿಕೊಂಡು ಹೊರಗೆ ಬಂದೆ. ಅಪ್ಪ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ಮನೆಯಲ್ಲಿದ್ದ ಒಂದೇ ಫೋಟೋ ಗೆದ್ದಲಿನ ಹೊಟ್ಟೆ ಸೇರಿತು. ನನಗೆ ಉಳಿದದ್ದು ನೀನು ಹೇಳುತ್ತ ಬಂದ ಒಂದು ಮಾತು: “ನಿನ್ನ ಮೂಗು ಥೇಟ್ ಅಪ್ಪಂದು.” ಈ ಮೂಗನ್ನು ಪಿತ್ರಾರ್ಜಿತ ಆಸ್ತಿಯ ಹಾಗೆ ಕಾಪಾಡಿಕೊಂಡು ಬಂದಿದ್ದೇನೆ. ಹೊರಗೆ ಬರುವ ಮೊದಲು ಟಿಕೆಟಿನ ಕಿಂಡಿಯ ಗಾಜಿನಲ್ಲಿ ನನ್ನ ಮೂಗು ನೋಡಿಕೊಂಡೆ, ಪರದೆಯ ಮೇಲೆ ಅವನದು ನೋಡಿದೆ. ತಾಳೆಯಾಗುವಂತೆ ಕಾಣಲಿಲ್ಲ.

ನೀನು ಅಪ್ಪನನ್ನು ನೋಡಿದವಳು. ಹೇಳು, ಇವನು ಅವನೇನು? ಸುಮ್ಮನೆ ಕುತೂಹಲ, ಬೇರೇನಿಲ್ಲ.

ನಿನ್ನ ತಮ್ಮ,
ಗುರುಬಸವ


ಸೊಲ್ಲಾಪುರ
20 ನವೆಂಬರ್ 2024

ಚಿ. ಗುರುಬಸವನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಅರ್ಧ ನಿನ್ನ ಜಾಣತನ, ಉಳಿದರ್ಧ ಸುದ್ದಿ. ಸುದ್ದಿಗೆ ಉತ್ತರ ಇದು: ಅವನು ನಮ್ಮ ಅಪ್ಪ ಅಲ್ಲ.

ಅಪ್ಪ ಎಡಚ. ಊಟವೊಂದನ್ನು ಬಿಟ್ಟು ಎಲ್ಲ ಕೆಲಸವೂ ಎಡಗೈ. ಹಾರ್ನ್ ಅಂತೂ ಎಡಗೈ ಬಿಟ್ಟು ಬಲಗೈಗೆ ಬಂದದ್ದನ್ನು ನಾನು ಕಂಡಿಲ್ಲ. ಟಾಂಗಾ ಹೊಡೆಯುವವನು ಮುಂದೆ, ಅವನ ಪಕ್ಕದಲ್ಲಿ ಅಪ್ಪ, ಅಪ್ಪನ ಬೆನ್ನ ಹಿಂದೆ ನಾನು. ಹನುಮಸಾಗರ, ತಾವರಗೇರಾ, ಯಲಬುರ್ಗಾ, ಎಲ್ಲಿ ಟೆಂಟ್ ಹಾಕಿದರೂ ಸಂಜೆ ಹೀಗೆ ಊರು ಸುತ್ತುತ್ತಿದ್ದೆವು. “ಬರ್ರೋ ಬರ್ರಿ, ಅಳೂದು ಬೇಕಂದ್ರ ಅಳೂದೈತಿ, ನಗೂದು ಬೇಕಂದ್ರ ನಗೂದೈತಿ, ಬಡದಾಟ ಪುಕ್ಕಟ!” ಅಂತ ಕೂಗುವಾಗ ಆ ಎಡ ಮೊಣಕೈ ನನ್ನ ಮೂಗಿಗೆ ಬಡಿಯುತ್ತಿತ್ತು. ಬಿಸಿಲು ಹೆಚ್ಚಾದರೆ ರುಮಾಲು ಬಿಚ್ಚಿ ಹಿಂದೆ ನೋಡದೆಯೇ ನನ್ನ ತಲೆಗೆ ಸುತ್ತುತ್ತಿದ್ದ.

ಪಿಚ್ಚರನ್ನು ನಾವು ಮುಂದೆ ಕೂತು ನೋಡಿದವರಲ್ಲ. ಟಾಕೀಸಿನಲ್ಲಿ ದುಡಿಯುವವರ ಹೆಂಡಿರು ಮಕ್ಕಳಿಗೆ ಬಿಟ್ಟಿ ಜಾಗ ಪರದೆಯ ಹಿಂದೆ. ತೆಳು ಬಟ್ಟೆ, ಬೆಳಕು ಆಚೆಯಿಂದ ಈಚೆ ಬರುತ್ತಿತ್ತು. ಬೊಂಬೆಗಳೆಲ್ಲ ತಿರುಗುಮುರುಗು. ಹಾಡು ಹೊರಡುವ ಆ ದೊಡ್ಡ ಪೆಟ್ಟಿಗೆಯೂ ನಮ್ಮ ಪಕ್ಕದಲ್ಲೇ. ನನ್ನ ಕಿವಿ ಕೆಟ್ಟದ್ದು ವಯಸ್ಸಿನಿಂದ ಅಂತ ಡಾಕ್ಟರು ಹೇಳುತ್ತಾನೆ. ಅವನಿಗೇನು ಗೊತ್ತು. ಆ ಪೆಟ್ಟಿಗೆಯೂ ಅಲ್ಲಿದೆಯೇನು? ಇದ್ದರೆ ಅದಕ್ಕೊಂದು ಏಟು ಹಾಕಿ ಬಾ, ನನ್ನ ಪರವಾಗಿ.

ದಾನೇಶ್ವರಿಗೆ ಹರಳೆಣ್ಣೆ ಬಿಸಿಮಾಡಿ ಹಚ್ಚಲು ಹೇಳು.

ಲಲಿತಾ


ಗಂಗಾವತಿ
1 ಡಿಸೆಂಬರ್ 2024

ಅಕ್ಕಾ,

ನೀನು ಅಲ್ಲ ಅಂದ ಮೇಲೆ ಮುಗಿಯಿತು. ಆ ವಿಷಯ ಬಿಟ್ಟೆ.

ಬಿಟ್ಟ ಮೇಲೆ ಕುಷ್ಟಗಿಗೆ ಹೋಗಿದ್ದೆ. ಗೊಬ್ಬರದ ವ್ಯಾಪಾರದಲ್ಲಿ ಅಲ್ಲಿ ಇಲ್ಲಿ ಹೋಗುವುದು ಇರುತ್ತದೆ. ನಿನ್ನೆ ಮತ್ತೊಮ್ಮೆ ಹೋಗಬೇಕಾಗಿ ಬಂತು. ಬೂಟು ಹಾಕುತ್ತಿದ್ದಾಗ ದಾನೇಶ್ವರಿ ಬಾಗಿಲಲ್ಲಿ ನಿಂತು, “ಕುಷ್ಟಗ್ಯಾಗ ನಿಮಗೇನು ಎರಡನೇ ಸಂಸಾರ ಐತೇನ್ರಿ?” ಅಂದಳು. “ಐತಿ, ಬಾ ತೋರಸತೀನಿ” ಅಂದೆ. ಬಂದೇಬಿಟ್ಟಳು. ಪರದೆಯ ಮೇಲಿನ ಮನುಷ್ಯನನ್ನೂ ನನ್ನನ್ನೂ ಬೆಂಡೆಕಾಯಿ ಆರಿಸುವ ಹಾಗೆ ನೋಡಿ ತೀರ್ಪು ಕೊಟ್ಟಳು: “ಅಂವ ಛಲೋ ಅದಾನ. ನಿಮ್ಮ ಕಡಿಯವನಲ್ಲ.”

ಪೆಟ್ಟಿಗೆ ಇದೆ. ಪರದೆಯ ಹಿಂದಿನ ಸಂದಿಯಲ್ಲಿ ಇಟ್ಟಿದ್ದಾಳೆ. ಏಟು ಹಾಕಿದೆ. ಒಳಗಿಂದ ಇಲಿ ಹೊರಬಂತು. ನಿನ್ನ ಕಿವಿ ಬರಲಿಲ್ಲ.

ಆದರೆ ಅಲ್ಲೊಂದು ಗಂಡಾಂತರ ಎದ್ದಿದೆ. ಹನುಮಸಾಗರದಿಂದ ಪಕೀರಪ್ಪ ಅಂತ ಒಬ್ಬ ಬಂದಿದ್ದ. ಪರದೆಯ ಮುಂದೆ ನಿಂತು, “ಇಂವ ನಮ್ಮ ದೊಡ್ಡಪ್ಪ!” ಅಂದ. ಅವನ ದೊಡ್ಡಪ್ಪನೂ ಟಾಕೀಸಿನ ಹಾರ್ನ್ ಹಿಡಿದವನೇ ಅಂತೆ, ಅಪ್ಪನ ನಂತರ.

“ಹೆಂಗ ಖಾತ್ರಿ?” ಅಂದೆ.

“ಹೆಂಗಂದ್ರೇನ್ರಿ! ನಮ್ಮ ದೊಡ್ಡಪ್ಪ ಬಲಗೈಯಾಗ ಹಾರ್ನ್ ಹಿಡೀತಿದ್ದ. ಇಂವಾನೂ ಬಲಗೈಯಾಗ ಹಿಡದಾನ. ಮುಗೀತಲ್ಲ?”

“ಊರಾಗ ನೂರಕ್ಕ ತೊಂಬತ್ತು ಮಂದಿ ಬಲಗೈ ಅದಾರ.”

“ಅವ್ರ ಕೈಯಾಗ ಹಾರ್ನ್ ಇಲ್ಲಲ್ಲರಿ!”

ತರ್ಕ ನೋಡು. ಪರದೆಯಲ್ಲಿದ್ದ ಪಾಪದ ಮನುಷ್ಯ ಮಾತ್ರ ನಮ್ಮಿಬ್ಬರ ಜಗಳಕ್ಕೆ ನಗುತ್ತಲೇ ನಿಂತಿದ್ದ. ನಿಶಾತ ನಡುವೆ ಬಂದು, “ಯುಗಾದಿಗೆ ಚೀಟಿ ಬದಲಿ ಮಾಡತೀನಿ. ಅಷ್ಟರಾಗ ಯಾರು ಖಾತ್ರಿ ಹೇಳತಾರ, ಅವರು ಹೇಳಿದ ಹೆಸರು ಬರೀತೀನಿ. ಯಾರೂ ಹೇಳಲಿಲ್ಲಂದ್ರ ಇವರ ದೊಡ್ಡಪ್ಪಂದ” ಅಂದಳು. ಪಕೀರಪ್ಪ ಆಗಲೇ ಚೀಟಿಗೆ ಅಂಟು ಹಚ್ಚಿದವನ ಹಾಗೆ ಮೀಸೆ ತಿರುವಿದ.

ನನಗೇನು ಇದರಲ್ಲಿ ಆಸಕ್ತಿಯಿಲ್ಲ. ಸುಮ್ಮನೆ ವಿವರ ಕೊಡುತ್ತೇನೆ. ಆ ಮನುಷ್ಯನ ಅಂಗಿ ಅವನಿಗಿಂತ ತಮಾಷೆ. ಎದೆಯ ಕಿಸೆ ಬಲಗಡೆ ಇದೆ! ಆ ದಿನ ದರ್ಜಿ ಯಾವ ಹುಕಿಯಲ್ಲಿದ್ದನೋ ಏನೋ. ಕಿಸೆಯಲ್ಲಿ ಒಂದು ಪೆನ್ನು ಬೇರೆ. ಹಾರ್ನ್ ಕೂಗುವವನಿಗೆ ಪೆನ್ನು ಯಾಕೆ? ಫೋಟೋದ ಸಲುವಾಗಿ ಯಾರದೋ ಇಸಕೊಂಡಿರಬೇಕು.

ಹೌದು, ನೀನು ಕೇಳುವ ಮೊದಲೇ ಹೇಳುತ್ತೇನೆ. ದಾನೇಶ್ವರಿಯ ಫೋನನ್ನು ಅವಳ ಸೆರಗಿನಲ್ಲಿ ಅಡಗಿಸಿಕೊಂಡು ಹೋಗಿ ನಿನಗಾಗಿ ಕಳ್ಳ ಫೋಟೋ ತೆಗೆದೆವು. ಕತ್ತಲೆಯಲ್ಲಿ ಪರದೆ ಬರೇ ಬಿಳಿ ಬೆಳಕಾಗಿ ಬಂತು, ಅದರ ನಡುವೆ ದಾನೇಶ್ವರಿಯ ಹೆಬ್ಬೆರಳು. ಅದು ನಮ್ಮ ಅಪ್ಪ ಅಲ್ಲವೆಂದು ನಾನು ಖಾತ್ರಿ ಹೇಳಬಲ್ಲೆ.

ಗುರುಬಸವ


ಸೊಲ್ಲಾಪುರ
9 ಡಿಸೆಂಬರ್ 2024

ಗುರುಬಸವಾ,

ಯಾರದೋ ದೊಡ್ಡಪ್ಪನ ಮುಂದೆ ಹೋಗಿ ಹೋಗಿ ಕೂಡುವುದು ಈ ವಯಸ್ಸಿನಲ್ಲಿ ಒಳ್ಳೆಯ ಲಕ್ಷಣವಲ್ಲ. ಅವನ ಮನೆಯವರಿಗೆ ಅವನು ಸಿಕ್ಕಿದ್ದಾನೆ. ಸಿಗಲಿ ಬಿಡು.

ಬಲಗೈ ಅಂದ ಮೇಲೆ ನನಗೆ ಬೇರೆ ಏನೂ ಕೇಳುವುದಿಲ್ಲ. ನಿನಗೆ ಇದು ಸಣ್ಣ ಮಾತು. ನನಗಲ್ಲ. ಪರದೆಯ ಹಿಂದೆ ಕೂತು ನೋಡುವಾಗ ಹೀರೋ ಕತ್ತಿ ಹಿಡಿದರೆ ಎಡಗೈ, ಕಳ್ಳನಿಗೆ ಹೊಡೆದರೆ ಎಡಗೈ. ಸಿನಿಮಾದ ಶೂರರೆಲ್ಲ ನಮ್ಮಪ್ಪನ ಹಾಗೆ ಎಡಚರು ಅಂತಲೇ ತಿಳಿದಿದ್ದೆ. ಸಾಲಿಯಲ್ಲಿ “ನಿಮ್ಮಪ್ಪ ಎಡಚ” ಅಂತ ಯಾರಾದರೂ ಅಂದರೆ, “ಹೌದು, ಹೀರೋಗಳೂ ಹಂಗ” ಅಂತ ಮುಖ ಎತ್ತಿ ನಡೆಯುತ್ತಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಮ್ಮ ಯಜಮಾನರು, ನಿಮ್ಮ ಮಾವ, ಮೊದಲ ಸಲ ಥಿಯೇಟರಿಗೆ ಕರೆದುಕೊಂಡು ಹೋಗಿ ಮುಂದೆ ಕೂಡಿಸಿದರು. ಹೀರೋ ಬಲಗೈಯಲ್ಲಿ ಕತ್ತಿ ಎತ್ತಿದ. “ಇಂವ ಖೋಟಾ” ಅಂತ ಎಲ್ಲರಿಗೂ ಕೇಳುವಂತೆ ಹೇಳಿದೆ. ನಿಮ್ಮ ಮಾವ ಆಮೇಲೆ ಎಷ್ಟೋ ದಿನ ನನ್ನನ್ನು ಪಿಚ್ಚರಿಗೆ ಕರೆಯಲಿಲ್ಲ.

ಈ ಮಾತು ಇಲ್ಲಿಗೆ ಸಾಕು. ಚಳಿ ಬಂದಿದೆ. ಅಂಗಡಿಯಲ್ಲಿ ಗೊಬ್ಬರದ ಗಾಳಿಗೆ ಕೂಡಬೇಡ.

ಲಲಿತಾ


ಸೊಲ್ಲಾಪುರ
3 ಜನವರಿ 2025

ಗುರುಬಸವಾ, ಗುರುಬಸವಾ,

ನೀನು ಉತ್ತರ ಬರೆಯಲಿಲ್ಲ. ಸಿಟ್ಟಾಗಿದ್ದೀಯೋ ಏನೋ, ಆಮೇಲೆ ಆಗು. ಮೊದಲು ಇದನ್ನು ಓದು.

ಇವತ್ತು ಬೆಳಿಗ್ಗೆ ಮಗನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದೆ. ಕಿಸೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸುವಾಗ ಕೈ ನಿಂತಿತು. ಕಿಸೆ ಎಡಗಡೆ. ಅಲಮಾರಿ ತೆಗೆದೆ. ಮಗನ ಅಂಗಿ, ನಿಮ್ಮ ಮಾವನ ಹಳೆಯ ಅಂಗಿ, ಮೊಮ್ಮಗನ ಸಾಲಿ ಅಂಗಿ, ಎಲ್ಲ ಎಳೆದು ನೆಲಕ್ಕೆ ಹಾಕಿದೆ. ಎಲ್ಲ ಕಿಸೆಗಳೂ ಎಡಗಡೆ. ಸೊಸೆ ಬಂದು, “ಅತ್ತಿ, ಏನಾತ್ರಿ ನಿಮಗ?” ಅಂದಳು.

ದರ್ಜಿಗೆ ಯಾವ ಹುಕಿಯೂ ಬಂದಿರಲಿಲ್ಲವೋ ದಡ್ಡಾ! ಬಲಗಡೆ ಕಿಸೆ ಹೊಲಿಯುವ ದರ್ಜಿ ಈ ಸೀಮೆಯಲ್ಲಿ ಹುಟ್ಟಿಲ್ಲ. ಆ ಹುಡುಗಿ ಸ್ಲೈಡನ್ನು ತಿರುವಿ ಇಟ್ಟಿದ್ದಾಳೆ! ಗಾಜಿಗೆ ಹಿಂದು ಯಾವುದು, ಮುಂದು ಯಾವುದು? ಅಕ್ಷರವಿದ್ದಿದ್ದರೆ ಗೊತ್ತಾಗುತ್ತಿತ್ತು. ಅಕ್ಷರವಿಲ್ಲ ಅಂತ ನೀನೇ ಬರೆದಿದ್ದೀ. ಕಿಸೆ ತಿರುಗಿದೆ ಅಂದರೆ ಕೈಯೂ ತಿರುಗಿದೆ. ಅವನು ಹಾರ್ನ್ ಹಿಡಿದದ್ದು ಎಡಗೈಯಲ್ಲಿ!

ಹುಟ್ಟಿದಾಗಿನಿಂದ ಸಿನಿಮಾವನ್ನು ತಿರುಗುಮುರುಗಾಗಿಯೇ ನೋಡಿದವಳು ನಾನು. ನನಗೇ ಇದು ಹೊಳೆಯಲಿಲ್ಲವಲ್ಲ. ಅಂಗಿಗಳು ಇನ್ನೂ ನೆಲದ ಮೇಲಿವೆ. ಈ ಕಾಗದವನ್ನು ಈಗಲೇ ಅಂಚೆಗೆ ಹಾಕಿಸುತ್ತೇನೆ. ಹೋಗಿ ಆ ಪಕೀರಪ್ಪನಿಗೆ ಹೇಳು.

ಲಲಿತಾ


ಗಂಗಾವತಿ
12 ಜನವರಿ 2025

ಅಕ್ಕಾ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಓದಿದವನು ಎದ್ದು, ಬಂದ ಗಿರಾಕಿಗಳ ಕಿಸೆ ನೋಡುತ್ತ ನಿಂತೆ. ಒಬ್ಬ ರೈತ ಹೆದರಿ, “ಸಾಹುಕಾರ್ರ, ಬಾಕಿ ಮುಂದಿನ ವಾರ ಕೊಡತೀನ್ರಿ” ಅಂದ.

ಕುಷ್ಟಗಿಗೆ ಓಡಿದೆ. ನಿಶಾತಳಿಗೆ ಅಂಗಿಯ ಪುರಾಣ ಹೇಳಿದೆ. ಅವಳು ಮೊದಲು ನನ್ನ ಕಿಸೆ ನೋಡಿದಳು, ಆಮೇಲೆ ಪರದೆ ನೋಡಿದಳು, ಆಮೇಲೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. “ಅಯ್ಯ, ಅಕ್ಷರ ಇಲ್ಲದಕ್ಕ ನಾ ಹೆಂಗ ಬಂತು ಹಂಗ ಇಟ್ಟಿದ್ದೆರಿ! ಬಂದವ್ರ ಪೈಕಿ ಒಬ್ರೂ ಹೇಳಲಿಲ್ಲ!” ಅಂದು ಸ್ಲೈಡು ತಿರುವಲು ಕೈ ಹಾಕಿದಳು.

ನಾನು ತಡೆದೆ. ಯಾಕೆ ಅಂತ ಅವಳೂ ಕೇಳಿದಳು, ನೀನೂ ಕೇಳುತ್ತೀ.

ಎಡಗೈ ಅಂದರೆ ನಮ್ಮ ಅಪ್ಪ ಅನ್ನುವುದು ನಿನ್ನ ಮಾತು. ಆ ಮಾತು ಹಿಡಿದು ಚೀಟಿ ಬರೆಸಬಹುದು. ಪಕೀರಪ್ಪನೂ ಬಾಯಿ ಮುಚ್ಚಿಕೊಂಡಾನು. ಆದರೆ ಎಡಚ ಅಂದಮಾತ್ರಕ್ಕೆ ಊರಿನಲ್ಲಿ ಒಬ್ಬನೇ ಎಡಚ ಇದ್ದನೇ? ಪಕೀರಪ್ಪನಿಗೆ ನಾನು ಹೇಳಿದ ತರ್ಕ ನನಗೂ ಅಂಟುತ್ತದೆ. ನೋಡಿದವರು ಯಾರಾದರೂ ಬಂದು ಮುಖ ನೋಡಿ ‘ಹೌದು’ ಅನ್ನಬೇಕು. ನೋಡಿದವರು ಅಂತ ಉಳಿದಿರುವುದು ನೀನೊಬ್ಬಳೇ.

ಇನ್ನೊಂದು. ನಿನ್ನ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಕೈ ಇದೆ, ಮೊಣಕೈ ಇದೆ, ಹಾರ್ನು, ಟಾಂಗಾ, ರುಮಾಲು, ಕಿಸೆ ಎಲ್ಲ ಇವೆ. ಮೂಗಿನ ಸುದ್ದಿ ಎಲ್ಲಿಯೂ ಇಲ್ಲ. ಮೂಗು ತಾಳೆಯಾಗುವುದಿಲ್ಲ ಅಂತ ನಾನು ಮೊದಲ ಕಾಗದದಲ್ಲೇ ಬರೆದಿದ್ದೆ. ನೀನು ಅದಕ್ಕೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಟಾಂಗಾದಲ್ಲಿ ನೀನು ಕೂತದ್ದು ಅವನ ಬೆನ್ನ ಹಿಂದೆ. ಪಿಚ್ಚರ್ ನೋಡಿದ್ದು ಪರದೆಯ ಹಿಂದೆ.

ನಾನು ಏನೂ ಕೇಳುತ್ತಿಲ್ಲ, ಅಕ್ಕಾ. ಗೊಬ್ಬರ ಮಾರುವವನಿಗೆ ಇಂಥ ಪ್ರಶ್ನೆಗಳು ಬರುವುದೂ ಇಲ್ಲ. ಸೊಲ್ಲಾಪುರದಿಂದ ಹೊಸಪೇಟೆಗೆ ಬರುವ ಬಸ್ಸು ಕುಷ್ಟಗಿಯಲ್ಲಿ ನಿಲ್ಲುತ್ತದೆ ಅಂತ ಮಾತ್ರ ತಿಳಿಸುತ್ತೇನೆ.

ಗುರುಬಸವ


ಸೊಲ್ಲಾಪುರ
14 ಫೆಬ್ರವರಿ 2025

ಮುಂದಿನ ವಾರದ ರವಿವಾರ ಬೆಳಿಗ್ಗೆ ಹೊರಡುತ್ತೇನೆ. ಮಗ ಬಸ್ಸು ಹತ್ತಿಸುತ್ತಾನೆ. ಕುಷ್ಟಗಿಯಲ್ಲಿ ನಿಂತಿರು. ಸಂಜೆ ಅದೇ ಬಸ್ಸಿಗೆ ತಿರುಗಿ ಬರಬೇಕು. ಸ್ಲೈಡು ಹೇಗಿದೆಯೋ ಹಾಗೇ ಇರಲಿ, ಮುಟ್ಟಬೇಡಿ.

ಲಲಿತಾ


ಗಂಗಾವತಿ
25 ಫೆಬ್ರವರಿ 2025

ಅಕ್ಕಾ,

ಸುಖವಾಗಿ ಮುಟ್ಟಿದಿ ಅಂತ ನಿನ್ನ ಮಗ ಫೋನ್ ಮಾಡಿದ್ದ. ನೀನು ಮಾತ್ರ ಬಂದಷ್ಟೇ ಸುಮ್ಮನೆ ಹೋದಿ. ಅದಕ್ಕೇ ಈ ಕಾಗದ. ನಾನು ನನ್ನ ಕಡೆಯಿಂದ ನೋಡಿದ್ದನ್ನು ಬರೆಯುತ್ತೇನೆ, ನೀನು ನಿನ್ನ ಕಡೆಯದನ್ನು ಬರೆ.

ನೀನು ಬಾಗಿಲು ದಾಟಿದವಳೇ ಫೋನ್ ಬುಟ್ಟಿಗೆ ಹಾಕಿದಿ, ನೆಟ್ಟಗೆ ಪರದೆಯ ಹಿಂದೆ ಹೋಗಿ ಆ ಪೆಟ್ಟಿಗೆಗೆ ಕೈಯಿಂದ ಫಟ್ ಅಂತ ಬಡಿದಿ. ನಿಶಾತ ಬೆಚ್ಚಿದಳು. ಪಕೀರಪ್ಪನೂ ಬಂದಿದ್ದ. ಅವನಿಗೆ ಕಿಸೆಯ ಮಾತು ಹೇಳಿದಾಗ ತನ್ನ ಅಂಗಿಯ ಕಿಸೆ ಮುಟ್ಟಿ ಮುಟ್ಟಿ ನೋಡಿಕೊಂಡ. “ಹಂಗಾದ್ರ ಇಂವ ಎಡಚ. ನಮ್ಮ ದೊಡ್ಡಪ್ಪ ಎಡಗೈಲೆ ನೊಣಾನೂ ಹೊಡದಾವಲ್ಲ” ಅಂದ. ಜಗಳ ಅವನ ಬಾಯಿಂದಲೇ ಮುಗಿಯಿತು. ಪಾಪ, ಎದ್ದು ಹೋಗದೆ ಕೂತ. “ಯಾರ ಅಪ್ಪ ಆದ್ರೇನ್ರಿ, ಬಂದೀನಿ, ನೋಡೇ ಹೋಗತೀನಿ” ಅಂದ.

ನಿಶಾತ, “ಸ್ಲೈಡ್ ತಿರುವಲೇನ್ರಿ ಅಮ್ಮಾರ?” ಅಂತ ಕೂಗಿ ಕೂಗಿ ಕೇಳಿದಳು. “ತಿರುವಬ್ಯಾಡವ್ವಾ. ನಾ ಹಿಂದ ಕುಂದರತೀನಿ. ನನ್ನ ಜಾಗ ಅದು” ಅಂದಿ. ಅಷ್ಟು ಅಂದು ಪರದೆಯ ಹಿಂದೆ ಮರೆಯಾದಿ.

ದೀಪ ಹತ್ತಿತು. ನನ್ನ ಮುಂದೆ ಅದೇ ಬಲಗೈ, ಅದೇ ಬಲಗಿಸೆ, ಅದೇ ನಗು. ನಿನ್ನ ಕಡೆ ಎಲ್ಲ ಸರಿಯಾಗಿ ಕಂಡಿರಬೇಕು. ಕಾದೆ. ದಾನೇಶ್ವರಿ ಸುಮ್ಮನಿದ್ದಳು, ಅದೇ ಒಂದು ಅದ್ಭುತ. ನೀನು ಅಳುತ್ತಿದ್ದೆಯೋ, ನಿದ್ದೆ ಹೋದೆಯೋ ಗೊತ್ತಾಗಲಿಲ್ಲ. ತಡೆಯಲಾರದೆ ಎದ್ದು ಪರದೆಯ ಹತ್ತಿರ ಹೋದೆ. ಅಷ್ಟು ಹತ್ತಿರದಿಂದ ಅವನ ಮುಂದೆ ಟೋಪಿ ಹಾಕಿಕೊಂಡು ನಿಲ್ಲುವುದು ಸರಿಯಲ್ಲವೆನಿಸಿತು. ತೆಗೆದು ಕೈಯಲ್ಲಿ ಹಿಡಿದೆ. ಹಿಂದಿನಿಂದ ನಿಶಾತ, “ಅಣ್ಣಾರ, ಬೆಳಕಿಗೆ ಅಡ್ಡ ನಿಂತೀರಿ, ಸರೀರಿ!” ಅಂದಳು. ನೀನು ಪರದೆಯ ಆಚೆಯಿಂದ, “ಸರೀಬ್ಯಾಡ! ಹಂಗ ನಿಂದರು!” ಅಂತ ಕೂಗಿದಿ. ಅಷ್ಟು ದೊಡ್ಡ ದನಿ ನಿನಗಿದೆ ಅಂತ ನನಗೆ ಗೊತ್ತಿರಲಿಲ್ಲ. ಪಕೀರಪ್ಪ ಎದ್ದು ನಿಂತುಬಿಟ್ಟ.

ನಿಂತೆ. ಎಷ್ಟು ಹೊತ್ತೋ. ಆಮೇಲೆ ನೀನು ಹೊರಗೆ ಬಂದು, ನಿಶಾತಳ ಗದ್ದ ಮುಟ್ಟಿ, “ಬರಕೋ. ಹಾರ್ನ್ ಕಳಕಪ್ಪ” ಅಂದಿ. ಬಸ್ಸಿನ ಕಿಟಕಿಯಲ್ಲಿ ಕೂತು ಆ ಕಡೆ ಮುಖ ಮಾಡಿದಿ. ಮುಖ ನೋಡಿ ಹೇಳಿದೆಯೋ ಅಥವಾ ತಮ್ಮ ಬೇಸರಪಟ್ಟಾನು ಅಂತ ಹೇಳಿದೆಯೋ? ಯಾಕೆ ನನ್ನನ್ನು ಅಲ್ಲೇ ನಿಲ್ಲಿಸಿದಿ?

ಸುಮ್ಮನೆ ಕುತೂಹಲವಲ್ಲ, ಅಕ್ಕಾ.

ಗುರುಬಸವ


ಸೊಲ್ಲಾಪುರ
6 ಮಾರ್ಚ್ 2025

ಗುರುಬಸವಾ,

ಬಸ್ಸಿನಲ್ಲಿ ಹೇಳಬಹುದಿತ್ತು. ಆದರೆ ನಾನು ಹೇಳಿದ್ದಕ್ಕೆ ನೀನು ಕೊಡುವ ಉತ್ತರ ನನಗೆ ಕೇಳುತ್ತಿರಲಿಲ್ಲ. ಕಂಡಕ್ಟರನಿಗೆ ಕೇಳುತ್ತಿತ್ತು.

ಆ ಪೆಟ್ಟಿಗೆಯ ಪಕ್ಕ ಕೂತೆ. ನೆಲ ಅಷ್ಟೇ ತಣ್ಣಗಿದೆ. ಹತ್ತಿಯೋ ಎಣ್ಣೆಯೋ ಏನೋ ಒಂದು ವಾಸನೆ, ಅದೂ ಹಾಗೇ ಇದೆ. ದೀಪ ಬಂದಾಗ ನನ್ನ ಕಡೆ ಕಿಸೆ ಎಡಕ್ಕಿತ್ತು, ಹಾರ್ನ್ ಎಡಗೈಯಲ್ಲಿತ್ತು. ಮುಖ ನೋಡಿದೆ. ನೋಡುತ್ತಲೇ ಇದ್ದೆ. ಒಳ್ಳೆಯ ಮುಖ. ದಾನೇಶ್ವರಿ ಹೇಳಿದ್ದು ಸರಿ, ಛಲೋ ಇದ್ದಾನೆ. ಅದನ್ನು ಮೊದಲು ಎಲ್ಲಿ ನೋಡಿದ್ದೇನೆ ಅಂತ ನನ್ನೊಳಗೇ ಹುಡುಕುತ್ತ ಕೂತಿದ್ದೆ. ಮುಖ ನೆನಪಿಲ್ಲ ಅಂತ ನಾನು ಯಾವ ಕಾಗದದಲ್ಲೂ ಬರೆದಿಲ್ಲ, ಇದರಲ್ಲೂ ಬರೆಯುವುದಿಲ್ಲ. ನೀನು ಕೇಳಿಲ್ಲ ಅಂದಿದ್ದೀ. ಹಾಗೇ ಇರು.

ಆಗ ನೀನು ಬೆಳಕಿಗೆ ಅಡ್ಡ ಬಂದಿ.

ನಿನ್ನ ನೆರಳು ಪರದೆಯ ಮೇಲೆ ಬಿತ್ತು, ಅವನ ಪಕ್ಕಕ್ಕೆ. ಮೊದಲು ಟೋಪಿ ಇದ್ದ ನೆರಳು, ಯಾವನೋ ಗೊಬ್ಬರದ ಅಂಗಡಿಯವನದು. ಆಮೇಲೆ ಟೋಪಿ ತೆಗೆದಿ. ಎರಡೂ ಕಡೆ ಕಿವಿಗಳು ಎದ್ದು ನಿಂತವು. ಕುತ್ತಿಗೆ ಒಂದಿಷ್ಟು ಬಲಕ್ಕೆ ವಾಲಿತ್ತು.

ಟಾಂಗಾದಲ್ಲಿ ಅಪ್ಪ ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿದ ಮೇಲೆ ನನ್ನ ಕಣ್ಣ ಮುಂದೆ ಊರು ಮುಟ್ಟುವವರೆಗೂ ಇರುತ್ತಿದ್ದದ್ದು ಅವೇ ಕಿವಿ, ಅದೇ ಕುತ್ತಿಗೆ. ಮುಳುಗುವ ಬಿಸಿಲು ಆ ಕಿವಿಗಳ ಅಂಚಿಗೆ ಕೆಂಪಾಗಿ ಬೀಳುತ್ತಿತ್ತು. ಅವುಗಳ ನಡುವಿನಿಂದ ನಾನು ಹನುಮಸಾಗರ ನೋಡಿದ್ದೇನೆ, ಯಲಬುರ್ಗಾ ನೋಡಿದ್ದೇನೆ. ಆ ಆಕಾರವನ್ನು ನನಗೆ ಯಾರೂ ನೆನಪು ಮಾಡಿಕೊಡಬೇಕಿಲ್ಲ. ಸ್ಲೈಡಿನಲ್ಲಿ ಅವನು ರುಮಾಲು ಸುತ್ತಿಕೊಂಡು ಅದನ್ನೇ ಮುಚ್ಚಿಕೊಂಡಿದ್ದ. ನೀನು ಟೋಪಿ ಹಾಕಿಕೊಂಡು ಜೀವಮಾನವಿಡೀ ಅದನ್ನೇ ಮುಚ್ಚಿಕೊಂಡಿದ್ದಿ. ಇಬ್ಬರೂ ಪಕ್ಕಪಕ್ಕ ನಿಂತಾಗ, ಅವನಲ್ಲಿ ಇಲ್ಲದ್ದನ್ನು ನೀನು ತುಂಬಿದಿ. ಅದಕ್ಕೇ ಸರಿಯಬೇಡ ಅಂದೆ. ಕಳಕಪ್ಪ ಅಂತ ನಿಶಾತಳಿಗೆ ಹೇಳಿದ್ದು ತಮ್ಮನ ಬೇಸರಕ್ಕೆ ಹೆದರಿ ಅಲ್ಲ.

ಆ ಹುಡುಗಿಗೆ ಇನ್ನು ಸ್ಲೈಡು ತಿರುವಿಡಲು ಹೇಳು. ಮುಂದೆ ಕೂಡುವವರಿಗೂ ಅವನು ಎಡಚನಾಗಿಯೇ ಕಾಣಲಿ. ಪಕೀರಪ್ಪನ ದೊಡ್ಡಪ್ಪನ ಫೋಟೋ ಎಲ್ಲಾದರೂ ಸಿಕ್ಕರೆ ಅದನ್ನೂ ಪಕ್ಕದಲ್ಲಿ ಹಾಕಲು ಹೇಳು. ಅವನು ಕೂತು ನೋಡಿದ್ದು ನನಗೆ ಒಪ್ಪಿಗೆಯಾಯಿತು.

ಉಳಿದದ್ದು ನಿನ್ನ ಆಸ್ತಿಯ ವಿಷಯ. ನಿನ್ನ ಮೂಗು ಅಪ್ಪನದಲ್ಲ. ಯಾರದ್ದು ಅಂತ ನಿಧಾನವಾಗಿ ನೋಡೋಣ, ಅವ್ವನ ಕಡೆಯವರು ಬಹಳ ಜನ ಇದ್ದಾರೆ. ಟೋಪಿಯನ್ನು ದಾನೇಶ್ವರಿಗೆ ಕೊಡು. ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಲು ಅವಳಿಗೆ ಒಂದು ಅರಿವೆ ಬೇಕಾಗಿರುತ್ತದೆ.

ಅಕ್ಕ,
ಲಲಿತಾ